ಕವಲೇದುರ್ಗದ ಮನೆಗೆ ಯಾವ ಒಟಿಟಿ ಚಂದಾ ಹೊಂದೀತು?

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಕೆಳದಿ ಅರಸರ ಗಿರಿದುರ್ಗ. ಅದೇ ಅರಸರ ರಾಜಧಾನಿಗಳಾಗಿದ್ದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಈ ಮೂರು ತಾಲ್ಲೂಕುಗಳಿಂದ ಹೊರಟು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ನೆಲೆ ನಿಂತವರು ಅಸಂಖ್ಯ. ಊರಿನಲ್ಲಿ ತಂದೆತಾಯಿಯರು ಉಳಿದಿರುತ್ತಾರೆ. ಅವರಿಗಾಗಿ ಮಕ್ಕಳು ಕಟ್ಟುವ ಬಿಲ್ಲುಗಳ ಪಟ್ಟಿಗೆ ಈಚಿನ ವರ್ಷಗಳಲ್ಲಿ ಒಟಿಟಿ ಚಂದಾ ಸಹ ಸೇರಿಕೊಂಡಿದೆ.

ನಗರದ ಫ್ಲ್ಯಾಟಿನಲ್ಲಿ ಕುಳಿತು ಆಯ್ದ ಯೋಜನೆ ಮಲೆನಾಡಿನ ತೋಟದ ಮನೆಯಲ್ಲಿ ನಿರುಪಯೋಗಿಯಾಗುವುದುಂಟು. ಒಂದೆಡೆ ಸಂಪರ್ಕ ಸಾಲದು, ಇನ್ನೊಂದೆಡೆ ಬೇಕಾದ ಧಾರಾವಾಹಿ ಆ ಸೇವೆಯಲ್ಲಿ ಇರುವುದೇ ಇಲ್ಲ, ಮತ್ತೊಂದೆಡೆ ಕೊಂಡ ಚಂದಾ ಮೊಬೈಲಿಗೆ ಮಾತ್ರ ಸೀಮಿತವಾಗಿ ಟಿ.ವಿ.ಯಲ್ಲಿ ತೆರೆದುಕೊಳ್ಳದು. ಆದ್ದರಿಂದ ಚಂದಾ ಆಯ್ಕೆ ಆರಂಭವಾಗಬೇಕಾದದ್ದು ಜಾಹೀರಾತಿನಿಂದಲ್ಲ, ನೋಡುವ ಮನೆಯಿಂದ. ಆ ಕ್ರಮದಲ್ಲಿ ಗಮನಿಸಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು ಸಂಪರ್ಕ, ಆಮೇಲೆ ಚಂದಾ

ಮಲೆನಾಡಿನ ಕಣಿವೆಗಳಲ್ಲಿ ಮೊಬೈಲ್ ಸಂಕೇತ ಇಂದಿಗೂ ಎಲ್ಲೆಡೆ ಸಮನಾಗಿಲ್ಲ. 2020ರಲ್ಲಿ ಶಾಲಾ ಪಾಠಗಳು ಮೊಬೈಲಿಗೆ ಬಂದಾಗ ಈ ಭಾಗದ ವಿದ್ಯಾರ್ಥಿಗಳು ಸಂಕೇತ ಹುಡುಕಿಕೊಂಡು ಗುಡ್ಡ ಹತ್ತಬೇಕಾಯಿತು. 2020ರ ದಶಕದ ಆರಂಭದಲ್ಲಿ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವೂ ಇಲ್ಲ ಎಂಬ ಅಭಿಯಾನ ನಡೆಯಿತು. ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ನೀಡಿತು. ಬಿಎಸ್ಎನ್ಎಲ್ ಸಂಸ್ಥೆಯ ಸ್ವದೇಶಿ 4ಜಿ ಜಾಲಕ್ಕೆ 2025ರ ಸೆಪ್ಟೆಂಬರ್ 27ರಂದು ಅಧಿಕೃತ ಚಾಲನೆ ದೊರೆಯಿತು. ಆದರೂ ಗೋಪುರ ನಿಂತ ಮಾತ್ರಕ್ಕೆ ಗುಡ್ಡದ ಆಚೆಯ ಮನೆಗೆ ಸಂಕೇತ ತಲುಪುತ್ತದೆ ಎನ್ನಲಾಗದು.

ಎಷ್ಟು ವೇಗ ಬೇಕು? ನೆಟ್‌ಫ್ಲಿಕ್ಸ್ ಸಂಸ್ಥೆಯ ಸಲಹೆಯಂತೆ 720ಪಿ ಗುಣಮಟ್ಟಕ್ಕೆ ಸೆಕೆಂಡಿಗೆ 3 ಮೆಗಾಬಿಟ್, 1080ಪಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್ ಬೇಕು. ಇತರ ಸೇವೆಗಳಿಗೂ ಈ ಅಂದಾಜು ಮಾರ್ಗದರ್ಶಿಯಾಗಬಲ್ಲದು. ವೇಗವನ್ನು ಅಂಗಳದಲ್ಲಿ ನಿಂತು ಅಳೆದರೆ ಸಾಲದು. ಟಿ.ವಿ. ಇರುವ ಕೋಣೆಯಲ್ಲಿ, ಸಂಜೆ 7ರಿಂದ 9 ಗಂಟೆಯ ನಡುವೆ, ಸಾಧ್ಯವಾದರೆ ಮಳೆಯ ದಿನವೊಂದರಲ್ಲಿ ಅಳೆಯಬೇಕು.

ಡೇಟಾ ಲೆಕ್ಕವೂ ಅಷ್ಟೇ ಮುಖ್ಯ. ನೆಟ್‌ಫ್ಲಿಕ್ಸ್‌ನಲ್ಲಿ ಮಧ್ಯಮ ಗುಣಮಟ್ಟಕ್ಕೆ ಗಂಟೆಗೆ ಸುಮಾರು 0.7 ಜಿಬಿ, ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ 3 ಜಿಬಿವರೆಗೆ ಖರ್ಚಾಗುತ್ತದೆ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ರೀಚಾರ್ಜ್ ಇರುವವರು ಎರಡೂವರೆ ಗಂಟೆಯ ಸಿನಿಮಾವನ್ನು ಮಧ್ಯಮ ಗುಣಮಟ್ಟದಲ್ಲಿ ನೋಡಿದರೆ 1.75 ಜಿಬಿ ಮುಗಿಯುತ್ತದೆ. ಎಚ್‌ಡಿಯಲ್ಲಾದರೆ ಅದೇ ಸಿನಿಮಾ 7.5 ಜಿಬಿವರೆಗೆ ಬೇಡಬಹುದು. ಫೈಬರ್ ಬ್ರಾಡ್‌ಬ್ಯಾಂಡ್ ಇಲ್ಲದ ಮನೆಗೆ 4ಕೆ ಯೋಜನೆ ಕೊಳ್ಳುವುದು ವ್ಯರ್ಥ ಎಂಬುದು ಇದರಿಂದ ಸ್ಪಷ್ಟ.

ಯಾವ ವಾಹಿನಿ ಯಾವ ಸೇವೆಯಲ್ಲಿ?

ಹಿರಿಯರಿರುವ ಮನೆಯಲ್ಲಿ ಪ್ರಶ್ನೆ ಹಾಲಿವುಡ್ ಸರಣಿಯದ್ದಲ್ಲ, ಸಂಜೆಯ ಧಾರಾವಾಹಿಯದ್ದು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ವಾಹಿನಿಗಳ ಕಾರ್ಯಕ್ರಮಗಳು ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡದವು ಜೀ5ನಲ್ಲಿ, ಉದಯ ಟಿ.ವಿ.ಯವು ಸನ್ ನೆಕ್ಸ್ಟ್‌ನಲ್ಲಿ ದೊರೆಯುತ್ತವೆ. ಮನೆಯವರು ನಿತ್ಯ ನೋಡುವ ಮೂರು ಕಾರ್ಯಕ್ರಮಗಳ ಹೆಸರನ್ನು ಬರೆದುಕೊಂಡರೆ ಸೇವೆಯ ಆಯ್ಕೆ ಅರ್ಧ ಮುಗಿದಂತೆ.

ಸಿನಿಮಾಗಳ ಕಥೆ ಬೇರೆ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಿಸಿದ ‘ಲಾ’ 2020ರ ಜುಲೈ 17ರಂದು ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಪ್ರೈಮ್ ವಿಡಿಯೋದಲ್ಲಿ ತೆರೆಕಂಡಿತು. ಅದೇ ಸಂಸ್ಥೆಯ ‘ಫ್ರೆಂಚ್ ಬಿರಿಯಾನಿ’ ಒಂದು ವಾರದ ನಂತರ ಅದೇ ದಾರಿ ಹಿಡಿಯಿತು. ಅಂದಿನಿಂದ ಕನ್ನಡ ಚಿತ್ರಗಳ ದೊಡ್ಡ ಸಂಗ್ರಹವೊಂದು ಪ್ರೈಮ್‌ನಲ್ಲಿ ಬೆಳೆದಿದೆ. ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡದ ಪಾಲು ಕಡಿಮೆ.

ಕನ್ನಡದ ಮೂಲ ಸರಣಿಗಳು ಇನ್ನೂ ವಿರಳವೆಂಬುದನ್ನೂ ಗ್ರಾಹಕರು ಬಲ್ಲವರಾಗಿರಬೇಕು. ರಕ್ಷಿತ್ ಶೆಟ್ಟಿ ಅವರ ಬೆಂಬಲದಿಂದ ಸಿದ್ಧವಾದ ‘ಏಕಂ’ ಸರಣಿಯನ್ನು ಕೊಳ್ಳಲು ದೊಡ್ಡ ವೇದಿಕೆಗಳು ಮುಂದಾಗದ ಕಾರಣ ನಿರ್ಮಾಪಕರು 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಿದರು. ಜೀ5ನ ಕನ್ನಡ ಸರಣಿ ‘ಅಯ್ಯನ ಮನೆ’ 2025ರ ಏಪ್ರಿಲ್‌ನಲ್ಲಿ ಬಂದಿತು. ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಟಿಟಿ ವೇದಿಕೆ ರೂಪಿಸುವುದಾಗಿ ರಾಜ್ಯದ 2025-26ನೇ ಸಾಲಿನ ಆಯವ್ಯಯದಲ್ಲಿ ಘೋಷಣೆಯಾಯಿತು. ಕನ್ನಡಕ್ಕಾಗಿಯೇ ಚಂದಾ ಕಟ್ಟುವವರು ಹಣ ನೀಡುವ ಮುನ್ನ ಆ ಸೇವೆಯ ಕನ್ನಡ ವಿಭಾಗವನ್ನು ತೆರೆದು ನೋಡುವುದು ಒಳಿತು. ಚಂದಾ ಇಲ್ಲದೆಯೂ ಬಹುತೇಕ ಸೇವೆಗಳಲ್ಲಿ ಪಟ್ಟಿಯನ್ನು ನೋಡಬಹುದು. ಡಬ್ ಆದ ಚಿತ್ರವಾದರೆ ಕನ್ನಡ ಧ್ವನಿ ಇದೆಯೇ, ಅಡಿಬರಹ ಮಾತ್ರವೇ ಎಂಬುದನ್ನೂ ಪರಿಶೀಲಿಸಿರಿ.

ಮೊಬೈಲ್ ಯೋಜನೆ ಟಿ.ವಿ.ಗೆ ಬಾರದು

ಅತಿ ಕಡಿಮೆ ದರದ ಯೋಜನೆ ಸಾಮಾನ್ಯವಾಗಿ ಮೊಬೈಲಿಗೆ ಮಾತ್ರ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಭಾರತದ ದರಗಳನ್ನು ಇಳಿಸಿ ತಿಂಗಳಿಗೆ 149, 199, 499 ಮತ್ತು 649 ರೂಪಾಯಿಗಳ ನಾಲ್ಕು ಹಂತಗಳನ್ನು ನಿಗದಿ ಮಾಡಿತು. ಇವುಗಳಲ್ಲಿ 149 ರೂ. ಯೋಜನೆ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗೆ ಸೀಮಿತ. ಟಿ.ವಿ. ಬೇಕೆಂದರೆ 199 ರೂ. ಹಂತದಿಂದ ಆರಂಭಿಸಬೇಕು, ಅದರಲ್ಲಿ ಒಮ್ಮೆಗೆ ಒಂದೇ ಪರದೆ. 499 ರೂ. ಯೋಜನೆಯಲ್ಲಿ ಎರಡು, 649 ರೂ. ಯೋಜನೆಯಲ್ಲಿ ನಾಲ್ಕು ಪರದೆಗಳು. ಜಿಯೋಹಾಟ್‌ಸ್ಟಾರ್‌ನಲ್ಲಿಯೂ ಮೊಬೈಲ್, ಸೂಪರ್, ಪ್ರೀಮಿಯಂ ಎಂಬ ವರ್ಗಗಳಿದ್ದು, ಮೊದಲನೆಯದು ಟಿ.ವಿ.ಗೆ ಒದಗದು.

ಒಂದೇ ಖಾತೆಯನ್ನು ಬೆಂಗಳೂರಿನ ಮನೆಗೂ ಊರಿನ ಮನೆಗೂ ಬಳಸಬಹುದೆಂಬ ಲೆಕ್ಕಾಚಾರ ಎಲ್ಲ ಕಡೆಯೂ ನಡೆಯದು. ಒಂದು ಖಾತೆ ಒಂದು ಮನೆಯವರಿಗೆ ಮಾತ್ರ ಎಂಬ ನಿಯಮವನ್ನು ನೆಟ್‌ಫ್ಲಿಕ್ಸ್ 2023ರ ಜುಲೈನಿಂದ ಭಾರತದಲ್ಲಿ ಜಾರಿಗೆ ತಂದಿತು. ಇತರ ಸೇವೆಗಳಲ್ಲೂ ಸಾಧನಗಳ ಮಿತಿಯನ್ನು ಓದಿಕೊಳ್ಳಬೇಕು.

ಜಾಹೀರಾತಿನ ವಿಚಾರವನ್ನೂ ಮರೆಯುವಂತಿಲ್ಲ. ಪ್ರೈಮ್ ವಿಡಿಯೋ 2025ರ ಜೂನ್ 17ರಿಂದ ಭಾರತದಲ್ಲಿ ಜಾಹೀರಾತುಗಳನ್ನು ಆರಂಭಿಸಿತು. ಅವು ಬೇಡವೆನ್ನುವವರಿಗೆ ವರ್ಷಕ್ಕೆ 699 ಅಥವಾ ತಿಂಗಳಿಗೆ 129 ರೂ. ಹೆಚ್ಚುವರಿ ಶುಲ್ಕ ಗೊತ್ತುಮಾಡಿತು. ಚಂದಾ ಕಟ್ಟಿದ ಮೇಲೆ ಜಾಹೀರಾತು ಇರದು ಎಂಬ ಭಾವನೆ ಈಗ ನಿಜವಲ್ಲ.

ತಿಂಗಳಿಗೋ, ವರ್ಷಕ್ಕೋ?

ವಾರ್ಷಿಕ ಚಂದಾ ಅಗ್ಗವೆಂಬುದು ವರ್ಷವಿಡೀ ನೋಡುವವರಿಗೆ ಮಾತ್ರ ಸತ್ಯ. ಪ್ರೈಮ್ ಸದಸ್ಯತ್ವಕ್ಕೆ ತಿಂಗಳಿಗೆ 299, ವರ್ಷಕ್ಕೆ 1,499 ರೂ. ದರವಿದ್ದಾಗ ಐದು ತಿಂಗಳ ಮೊತ್ತ 1,495 ರೂ. ಆಗುತ್ತದೆ. ಐದು ತಿಂಗಳಿಗಿಂತ ಹೆಚ್ಚು ಬಳಸುವವರಿಗೆ ವಾರ್ಷಿಕ ಯೋಜನೆ ಲಾಭದಾಯಕ. ಕಡಿಮೆ ಬಳಸುವವರಿಗೆ ತಿಂಗಳದ್ದೇ ಲೇಸು. 2025ರ ಫೆಬ್ರುವರಿ 14ರಂದು ಆರಂಭವಾದಾಗ ಜಿಯೋಹಾಟ್‌ಸ್ಟಾರ್‌ನ ಸೂಪರ್ ಯೋಜನೆಗೆ ಮೂರು ತಿಂಗಳಿಗೆ 299, ವರ್ಷಕ್ಕೆ 899 ರೂ. ಇತ್ತು. ಐಪಿಎಲ್ ಕ್ರಿಕೆಟ್ ಒಂದನ್ನೇ ನೋಡುವವರಿಗೆ ತ್ರೈಮಾಸಿಕ ಸಾಕಾಗುತ್ತಿತ್ತು. ದರಗಳು ಬದಲಾಗುತ್ತಲೇ ಇರುವುದರಿಂದ ಹಣ ಕಟ್ಟುವ ದಿನದ ದರವನ್ನು ಹಿಡಿದು ಇದೇ ಭಾಗಾಕಾರ ಮಾಡಿಕೊಳ್ಳಬಹುದು.

ಮಲೆನಾಡಿನಲ್ಲಿ ಈ ಲೆಕ್ಕಕ್ಕೆ ಮಳೆಗಾಲವನ್ನೂ ಸೇರಿಸಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಅಧಿಕ. ಮರ ಬಿದ್ದು ವಿದ್ಯುತ್ ತಂತಿಯೂ ಫೈಬರ್ ಎಳೆಯೂ ತುಂಡಾದರೆ ದುರಸ್ತಿಗೆ ದಿನಗಳೇ ಹಿಡಿಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸಂಪರ್ಕ ಪದೇ ಪದೇ ಕೈಕೊಡುವ ಮನೆಗೆ ವಾರ್ಷಿಕ ಚಂದಾದ ಮೂರನೇ ಒಂದು ಪಾಲು ಸಂಶಯಾಸ್ಪದವೇ. ಸಂಕೇತವಿರುವಾಗ ಸಿನಿಮಾಗಳನ್ನು ಇಳಿಸಿಕೊಂಡು ಅನಂತರ ನೋಡುವ ಸೌಲಭ್ಯ ಇಲ್ಲಿ ಉಪಯುಕ್ತ. ಆದರೆ ಇಳಿಸಿಕೊಂಡ ಚಿತ್ರಕ್ಕೂ ಅವಧಿಯಿದೆ. ಕೆಲವು ನೋಡಲಾರಂಭಿಸಿದ 48 ಗಂಟೆಗಳಲ್ಲಿ ಮುಗಿದುಹೋಗುತ್ತವೆ.

ಸೇವೆಗಳೇ ಮಾಯವಾಗುವ ಸಾಧ್ಯತೆಯೂ ಇದೆ. ಕಲರ್ಸ್ ಕನ್ನಡದ ಕಾರ್ಯಕ್ರಮಗಳಿದ್ದ ವೂಟ್ 2023ರಲ್ಲಿ ಜಿಯೋಸಿನಿಮಾದೊಳಗೆ ಸೇರಿತು. ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ 2025ರಲ್ಲಿ ಒಂದಾದವು. ಹೊಸ ಸೇವೆಯನ್ನು ಮೊದಲ ಸಲ ಕೊಳ್ಳುವವರು ಕಿರು ಅವಧಿಯಿಂದಲೇ ಆರಂಭಿಸುವುದು ವಿವೇಕ. ವರ್ಷಕ್ಕೆ ಒಂದೆರಡು ಚಿತ್ರ ಮಾತ್ರ ನೋಡುವವರಿಗೆ ಬಾಡಿಗೆಯ ವ್ಯವಸ್ಥೆಯೂ ಉಂಟು: ಪ್ರೈಮ್ 2022ರ ಏಪ್ರಿಲ್‌ನಲ್ಲಿ ಭಾರತದಲ್ಲಿ ಚಿತ್ರಗಳನ್ನು ಬಿಡಿಯಾಗಿ ಬಾಡಿಗೆಗೆ ಕೊಡಲಾರಂಭಿಸಿತು.

ಹಣ ತಾನಾಗಿ ಕಡಿತವಾಗುವಾಗ

ಬಹುತೇಕ ಚಂದಾಗಳು ತಾವಾಗಿಯೇ ನವೀಕರಣಗೊಳ್ಳುತ್ತವೆ. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ಸೂಚನೆ ತಲುಪಬೇಕು. ಈ ಸಂದೇಶ ಹೋಗುವುದು ಬ್ಯಾಂಕ್ ಖಾತೆಯೊಂದಿಗೆ ನೋಂದಾಯಿತವಾದ ಸಂಖ್ಯೆಗೆ. ಅದು ಊರಿನಲ್ಲಿರುವ ತಂದೆಯವರ ಸಂಖ್ಯೆಯಾಗಿದ್ದರೆ, ಇಂಗ್ಲಿಷ್ ಸಂದೇಶ ಓದದೇ ಉಳಿಯಬಹುದು. ಆದ್ದರಿಂದ ಹಣ ಕಟ್ಟುವವರ ಖಾತೆಯಿಂದಲೇ ಕಡಿತವಾಗುವಂತೆ ಏರ್ಪಡಿಸಿ, ಟಿ.ವಿ.ಯಲ್ಲಿ ಪ್ರವೇಶಿಸಲು ಬೇಕಾದ ಒಟಿಪಿ ಮಾತ್ರ ಮನೆಯವರ ಮೊಬೈಲಿಗೆ ಬರುವಂತೆ ನೋಡಿಕೊಳ್ಳುವುದು ಅನುಕೂಲಕರ. ಬೇಡವಾದಾಗ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿಯೇ ಅನುಮತಿಯನ್ನು ಹಿಂಪಡೆಯಬಹುದು.

ಚಂದಾ ರದ್ದುಪಡಿಸುವ ದಾರಿಯನ್ನು ಬೇಕೆಂದೇ ಜಟಿಲಗೊಳಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್‌ನ ಮಾರ್ಗಸೂಚಿ ನಿಷೇಧಿಸಿದೆ. ದೂರುಗಳಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇರುವುದನ್ನು ಒಮ್ಮೆ ನೋಡಿರಿ

ಹೊಸ ಚಂದಾ ಕೊಳ್ಳುವ ಮುನ್ನ ಮೊಬೈಲ್ ರೀಚಾರ್ಜ್ ಅಥವಾ ಬ್ರಾಡ್‌ಬ್ಯಾಂಡ್ ಯೋಜನೆಯೊಂದಿಗೆ ಯಾವುದಾದರೂ ಒಟಿಟಿ ಈಗಾಗಲೇ ಸೇರಿದೆಯೇ ಎಂದು ಪರಿಶೀಲಿಸಬೇಕು. ಹೀಗೆ ಸಿಗುವುದು ಮೊಬೈಲ್ ವರ್ಗದ್ದೋ ಟಿ.ವಿ. ವರ್ಗದ್ದೋ ಎಂಬುದನ್ನೂ ಕೇಳಿರಿ. ಪ್ರಸಾರ ಭಾರತಿಯ ‘ವೇವ್ಸ್’ 2024ರ ನವೆಂಬರ್ 20ರಂದು ಆರಂಭವಾಗಿದ್ದು, ಅದರಲ್ಲಿ ಬಹಳಷ್ಟು ಕಾರ್ಯಕ್ರಮಗಳು ಉಚಿತ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾದ ಡಿಡಿ ಫ್ರೀ ಡಿಶ್‌ಗೆ ಮಾಸಿಕ ಶುಲ್ಕವಿಲ್ಲ. ಡಿಡಿ ಚಂದನ ಅದರಲ್ಲಿ ಲಭ್ಯ. ದಟ್ಟ ಮಳೆಯಲ್ಲಿ ಉಪಗ್ರಹದ ಸಂಕೇತವೂ ಕ್ಷೀಣಿಸುವುದು ನಿಜ. ಆದರೆ ಮಳೆ ಹೊಳವಾದೊಡನೆ ಡಿಶ್ ತಾನಾಗಿ ಮರಳುತ್ತದೆ, ತುಂಡಾದ ಫೈಬರ್ ಮರಳದು. ಈ ಕಾರಣಕ್ಕೆ ಮಲೆನಾಡಿನ ಮನೆಯಲ್ಲಿ ಒಟಿಟಿ ಬಂದಿತೆಂದು ಡಿಶ್ ತೆಗೆಸುವ ಆತುರ ಬೇಡ.

ಒಟ್ಟಾರೆ ಹೇಳುವುದಾದರೆ, ಫೈಬರ್ ಇರುವ, ನಾಲ್ವರು ಬೇರೆ ಬೇರೆ ಹೊತ್ತಿನಲ್ಲಿ ನೋಡುವ ನಗರದ ಮನೆಗೆ ಎರಡು ಪರದೆಗಳ ವಾರ್ಷಿಕ ಯೋಜನೆ ಸಮಂಜಸ. ಇಬ್ಬರೇ ಹಿರಿಯರಿರುವ ಕವಲೇದುರ್ಗದಂಥ ಊರಿನ ಮನೆಗೆ ಡಿಶ್ ಉಳಿಸಿಕೊಂಡು, ಅವರ ಮೆಚ್ಚಿನ ಧಾರಾವಾಹಿ ಇರುವ ಒಂದೇ ಸೇವೆಯ, ಟಿ.ವಿ.ಗೆ ಒದಗುವ, ಕಿರು ಅವಧಿಯ ಚಂದಾ ಸಾಕು. ಅದನ್ನು ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಇಟ್ಟುಕೊಂಡು ಮಳೆಗಾಲದಲ್ಲಿ ನಿಲ್ಲಿಸಬಹುದು. ದಸರಾ ರಜೆಗೆ ಊರಿಗೆ ಹೋದಾಗ ಟಿ.ವಿ. ಕೋಣೆಯಲ್ಲಿ ಒಮ್ಮೆ ವೇಗ ಅಳೆದು, ಅಪ್ಪ ಅಮ್ಮ ನೋಡುವ ಕಾರ್ಯಕ್ರಮಗಳ ಪಟ್ಟಿ ಮಾಡಿ, ಆಮೇಲೆ ಹಣ ಕಟ್ಟುವುದು ಉತ್ತಮ.