ಬಾಣಕ್ಕೆ ರೆಕ್ಕೆ ಕಟ್ಟಿದ ಕಥೆ

ಧಾರವಾಡ ಸೀಮೆಯ ಈ ಶಾಲೆಯಲ್ಲಿ ಅಕ್ಷರ ಕಲಿತು, ಇಂದು ಗೋವೆಯ ದಾಬೋಲಿಮ್ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿರುವ ನನಗೆ ಶತಮಾನೋತ್ಸವ ಸಂಪುಟಕ್ಕೆ ಇತಿಹಾಸದ ಲೇಖನವೊಂದನ್ನು ಬರೆಯಬೇಕೆಂಬ ಆದೇಶ ಬಂದಿತು. ವಿಷಯವನ್ನು ನಾನು ಹುಡುಕಬೇಕಾಗಲಿಲ್ಲ. ಎಂಟನೆಯ ತರಗತಿಯ ಹುಡುಗನೊಬ್ಬ ಅದನ್ನು ಆಗಲೇ ಕೊಟ್ಟಿದ್ದನು.

ನಮ್ಮ ಮಕ್ಕಳ ತಂದೆತಾಯಿಗಳು ಬಹುಮಟ್ಟಿಗೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ದುಡಿಮೆಗಾಗಿ ಬಂದವರು. ಶಾಲೆಯ ನೆತ್ತಿಯ ಮೇಲೆ ದಿನವಿಡೀ ವಿಮಾನಗಳು ಇಳಿಯುತ್ತಿರುತ್ತವೆ; ಸದ್ದು ಅಡಗುವವರೆಗೆ ಪಾಠವನ್ನು ನಿಲ್ಲಿಸುವುದು ನಮಗೆ ರೂಢಿಯಾಗಿದೆ. ಮೈಸೂರು ಯುದ್ಧಗಳ ಪಾಠದ ನಡುವೆ ಹೀಗೊಮ್ಮೆ ನಿಂತಾಗ ಗದಗದ ಆ ಹುಡುಗ ಎದ್ದು ಕೇಳಿದನು: “ಅಕ್ಕೋರ, ಟಿಪ್ಪೂನ ಬಾಣ ಹೊಳ್ಳಿ ಬರ್ತಿತ್ತೇನ್ರಿ?”

ಇಲ್ಲವೆಂದೆ. ಆದರೆ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಈ ಪ್ರಶ್ನೆ ನನಗೇ ಹೊಳೆಯದೆ ಹೋದುದರ ನಾಚಿಕೆ ಉಳಿಯಿತು.

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರಿನ ರಾಕೆಟ್ ನಮ್ಮವರಿಗೆ ಅಪರಿಚಿತವಲ್ಲ. ಒಂದು ತುದಿ ಮುಚ್ಚಿದ ಕಬ್ಬಿಣದ ಕೊಳವೆ, ಒಳಗೆ ಗಟ್ಟಿಯಾಗಿ ತುಂಬಿದ ಮದ್ದು, ಪಕ್ಕಕ್ಕೆ ಬಿಗಿದ ಬಿದಿರ ಗಳು. ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳಿದ್ದರಿಂದ ಬಾಣ ಬಹುದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಅದರ ಪೆಟ್ಟು ತಿಂದ ಇಂಗ್ಲಿಷರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದ ಬಾಣಗಳನ್ನು ತಮ್ಮ ದೇಶಕ್ಕೆ ಸಾಗಿಸಿದರು. ವಿಲಿಯಂ ಕಾಂಗ್ರೀವನ ರಾಕೆಟ್ಟುಗಳಿಗೆ ಅವೇ ಪ್ರೇರಣೆ. ನಾಸಾದ ಗೋಡೆಯ ಮೇಲೆ ಟಿಪ್ಪುವಿನ ಸೈನ್ಯದ ಚಿತ್ರವನ್ನು ಕಲಾಂ ಅವರು ಕಂಡ ಪ್ರಸಂಗವಂತೂ ಭಾಷಣಗಳಲ್ಲಿ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಿಂದ ಅಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು ತುಕ್ಕು ಹಿಡಿದ ಸ್ಥಿತಿಯಲ್ಲಿ ಹೊರಬಂದವು.

ಅವೆಲ್ಲ ಹೋಗುವುದಕ್ಕಾಗಿಯೇ ಮಾಡಿದವು. ಬಿದಿರ ಗಳುವಿನ ಕೆಲಸವೂ ಹೋಗುವಾಗ ದಾರಿ ತಪ್ಪದಂತೆ ನೋಡಿಕೊಳ್ಳುವುದಷ್ಟೆ. ಇತಿಹಾಸದ ಪುಸ್ತಕಗಳು ಏರಿದ್ದನ್ನು ಬರೆಯುತ್ತವೆ, ಇಳಿದದ್ದನ್ನು ಬರೆಯುವುದಿಲ್ಲ. ನಾವು ಕಲಿಸುವ ರೀತಿಯಲ್ಲಿ ಇದೊಂದು ಕೊರತೆಯೆಂದೇ ನನ್ನ ಅಭಿಪ್ರಾಯ.

ಅದೇ ಕರಿಮದ್ದಿನ ಬಾಣಕ್ಕೆ ರೆಕ್ಕೆ ಕಟ್ಟಿ ಮನುಷ್ಯನನ್ನು ಕೂರಿಸಿದ್ದು ಜರ್ಮನಿಯಲ್ಲಿ. 1928ರ ಜೂನ್ 11ರಂದು ವಾಸರ್‌ಕುಪ್ಪೆ ಬೆಟ್ಟದಲ್ಲಿ ಫ್ರಿಟ್ಜ್ ಸ್ಟಾಮರ್ ಎಂಬಾತ, ಅಲೆಕ್ಸಾಂಡರ್ ಲಿಪಿಶ್ ರೂಪಿಸಿದ ‘ಎಂಟೆ’ ಎಂಬ ಗ್ಲೈಡರಿನಲ್ಲಿ ಎರಡು ರಾಕೆಟ್ಟುಗಳ ಬಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಹಾರಿ ಸುರಕ್ಷಿತವಾಗಿ ಇಳಿದನು. ಎಂಟೆ ಎಂದರೆ ಬಾತುಕೋಳಿ. ಮುಂದಿನ ಹಾರಾಟದಲ್ಲಿ ರಾಕೆಟ್ ಸಿಡಿದು ರೆಕ್ಕೆಗೆ ಬೆಂಕಿ ಹತ್ತಿತು. ಚಾಲಕನು ಬದುಕಿದನು, ಬಾತುಕೋಳಿ ಉಳಿಯಲಿಲ್ಲ.

ನಮ್ಮ ನಾಡಿನಲ್ಲಿ ಗ್ಲೈಡರಿನ ಕಥೆ ಬೇರೆಯದೇ ದಾರಿಯಲ್ಲಿ ಬೆಳೆಯಿತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲರ ಬಳಿ ಅಧ್ಯಯನ ಮಾಡಿ ಬಂದಿದ್ದ ವಿ. ಎಂ. ಘಾಟಗೆಯವರು ಅಲ್ಲಿ ಹತ್ತು ಜನ ಕೂರಬಲ್ಲ ಜಿ–1 ಎಂಬ ಗ್ಲೈಡರನ್ನು ರೂಪಿಸಿದರು. ಎಂಜಿನ್ನಿಲ್ಲದ ಆ ವಿಮಾನದ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಘಾಟಗೆಯವರೇ ಮುಂದೆ ರೂಪಿಸಿದ ಎಚ್‌ಟಿ–2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. ಅಂತಹದೊಂದು ವಿಮಾನವನ್ನು ನಮ್ಮ ಶಾಲೆಗೆ ಸಮೀಪದಲ್ಲೇ ಇರುವ, ಬೋಗ್ಮಾಲೊ ರಸ್ತೆಯ ನೌಕಾ ವೈಮಾನಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನೋಡಬಹುದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಅವರು ದೊಡ್ಡ ಸೂಪರ್ ಕಾನ್ಸ್‌ಟಲೇಶನ್ನಿನ ಕಡೆಗೆ ಓಡಿದರು. ನಾನು ಎಚ್‌ಟಿ–2ರ ಬಳಿ ಬಹಳ ಹೊತ್ತು ನಿಂತೆ.

ದಾಬೋಲಿಮ್ಮಿನ ವಿಮಾನನಿಲ್ದಾಣ 1955ರಲ್ಲಿ ಪೋರ್ಚುಗೀಸರು ಕಟ್ಟಿದ್ದು. 1961ರ ಡಿಸೆಂಬರ್ 18ರಂದು ನಮ್ಮ ವಾಯುಪಡೆ ಅದರ ಮೇಲೆ ಬಾಂಬು ಹಾಕಿತು. 1964ರಲ್ಲಿ ನೌಕಾಪಡೆಯ ಹಂಸ ನೆಲೆ ಇಲ್ಲಿಗೆ ಬಂದಿತು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ನೌಕಾ ಮಾದರಿ, 2019ರ ಸೆಪ್ಟೆಂಬರ್ 13ರಂದು ಬಾಲದ ಕೊಕ್ಕೆಯಿಂದ ನೆಲದ ತಂತಿಯನ್ನು ಹಿಡಿದು ಅಲ್ಪ ದೂರದಲ್ಲಿ ನಿಲ್ಲುವುದನ್ನು ಮೊದಲು ಸಾಧಿಸಿದ್ದು ಈ ನೆಲೆಯಲ್ಲಿಯೇ. ಹಾರಲು ಬೆಂಗಳೂರಿನಲ್ಲಿ ಕಲಿತದ್ದು ಹಡಗಿನ ಮೇಲೆ ಇಳಿಯಲು ದಾಬೋಲಿಮ್ಮಿಗೆ ಬರಬೇಕಾಯಿತು.

ಇನ್ನು ನಮ್ಮ ಪುಟ್ಟ ಗ್ಲೈಡರಿನ ವಿಚಾರ. ಆಟಿಕೆಯ ರಾಕೆಟ್ಟಿಗೂ ಒಂದು ಚರಿತ್ರೆಯುಂಟು. 1950ರ ದಶಕದಲ್ಲಿ ಅಮೆರಿಕದ ಹುಡುಗರು ಲೋಹದ ಕೊಳವೆಗೆ ಮದ್ದು ತುಂಬಿ ಕೈಕಾಲು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, ನೆಬ್ರಾಸ್ಕಾದ ಪಾದರಕ್ಷೆ ವ್ಯಾಪಾರಿ ಆರ್ವಿಲ್ ಕಾರ್ಲೈಲ್ ಕಾಗದದ ಕೊಳವೆಗೆ ಬಾಲ್ಸಾ ಮರದ ಈಜುರೆಕ್ಕೆ ಅಂಟಿಸಿದ ಹಗುರ ರಾಕೆಟ್ ಮಾಡಿದನು. ಹ್ಯಾರಿ ಸ್ಟೈನ್ ಎಂಬಾತ ಅದನ್ನು ಸುರಕ್ಷತೆಯ ನಿಯಮಗಳೊಡನೆ ಶಾಲಾಮಕ್ಕಳಿಗೆ ತಲುಪಿಸಿದನು. ಬಾಲ್ಸಾ ದಕ್ಷಿಣ ಅಮೆರಿಕದ ಮರ. ನಮ್ಮ ಬಾಸಿಂಗದ ಬೆಂಡನ್ನು ಕೈಯಲ್ಲಿ ಹಿಡಿದವರಿಗೆ ಅದರ ಹಗುರತನವನ್ನು ವಿವರಿಸಬೇಕಾಗಿಲ್ಲ.

ರಾಕೆಟ್ ಗ್ಲೈಡರಿನ ತೊಡಕೆಲ್ಲ ಇರುವುದು ಇಲ್ಲಿ: ಅದು ಒಂದೇ ದೇಹದಲ್ಲಿ ಎರಡು ಪ್ರಾಣಿ. ಏರುವಾಗ ವೇಗ ಬಹಳ. ತೇಲುವುದಕ್ಕೆ ಹದವಾದ ರೆಕ್ಕೆ ಆ ವೇಗದಲ್ಲಿ ಮೂತಿಯನ್ನು ಎತ್ತುತ್ತ ಹೋಗಿ, ಗ್ಲೈಡರ್ ಲಾಗ ಹಾಕಿ ನೆಲಕ್ಕೆ ಬಡಿಯುತ್ತದೆ. ಆದ್ದರಿಂದ ಏರುವಾಗ ಭಾರ ಮುಂದಿರಬೇಕು, ತೇಲುವಾಗ ಹಿಂದೆ ಸರಿಯಬೇಕು. ಕೆಲವರು ಮೂತಿಯ ಎಂಜಿನ್ ಮದ್ದು ಉರಿದು ಮುಗಿದ ಮೇಲೆ ಕಳಚಿ ಬೀಳುವಂತೆ ಮಾಡುತ್ತಾರೆ. ಕೆಲವರು ಬಾಲದ ಪಟ್ಟಿ ತಾನಾಗಿ ಮೇಲೆ ಬಾಗುವಂತೆ ಮಾಡುತ್ತಾರೆ.

ಇದೇ ತೊಡಕನ್ನು ದೊಡ್ಡವರೂ ಬಿಡಿಸಬೇಕಾಯಿತು. ಅಮೆರಿಕದ ಬಾಹ್ಯಾಕಾಶ ನೌಕೆ ರಾಕೆಟ್ಟಿನಂತೆ ಏರಿ, ಎಂಜಿನ್ನಿನ ಬಲವಿಲ್ಲದೆ ಗ್ಲೈಡರಿನಂತೆ ಇಳಿಯುತ್ತಿತ್ತು. 2003ರ ಜನವರಿ 16ರಂದು ಕೊಲಂಬಿಯಾ ಏರುವಾಗ ಇಂಧನದ ತೊಟ್ಟಿಯಿಂದ ಕಳಚಿದ ಹಗುರ ನೊರೆಯ ತುಂಡೊಂದು ಎಡರೆಕ್ಕೆಯ ಅಂಚನ್ನು ಒಡೆಯಿತು. ಹದಿನಾರು ದಿನ ಅದು ಯಾರಿಗೂ ತೊಂದರೆ ಕೊಡಲಿಲ್ಲ. ಫೆಬ್ರವರಿ 1ರಂದು ಇಳಿಯುವಾಗ ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಪ್ರತಿ ಶಾಲೆಯಲ್ಲಿಯೂ ಆಕೆಯ ಚಿತ್ರವಿದೆ. ಹೋದದ್ದು ಏರುವಾಗ ಅಲ್ಲ, ಮರಳುವಾಗ ಎಂಬುದನ್ನು ನನ್ನ ಮಕ್ಕಳಲ್ಲಿ ಒಬ್ಬರೂ ಅರಿತಿರಲಿಲ್ಲ.

ನಮ್ಮ ಇಸ್ರೋ ಸಂಸ್ಥೆ 2016ರ ಮೇ 23ರಂದು ಶ್ರೀಹರಿಕೋಟದಿಂದ ಆರೂವರೆ ಮೀಟರ್ ಉದ್ದದ ರೆಕ್ಕೆಯ ವಾಹನವನ್ನು ರಾಕೆಟ್ಟಿನ ಮೇಲಿಟ್ಟು ಸುಮಾರು 65 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿ ಬಂಗಾಳ ಕೊಲ್ಲಿಯ ಕಡೆಗೆ ಇಳಿಸಿತು. ನೆಲದ ಮೇಲೆ ಇಳಿಯುವ ಪರೀಕ್ಷೆ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. 2023ರ ಏಪ್ರಿಲ್ 2ರ ಬೆಳಿಗ್ಗೆ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟ ವಾಹನ ಚಾಲಕನಿಲ್ಲದೆ ತಾನಾಗಿ ಓಡುದಾರಿಗೆ ಬಂದು ನಿಂತಿತು. 2024ರಲ್ಲಿ ಪುಷ್ಪಕವೆಂಬ ಹೆಸರಿನಲ್ಲಿ ಮತ್ತೆರಡು ಬಾರಿ ಅದು ಇಳಿಯಿತು. ಹುಡುಗನ ಪ್ರಶ್ನೆಗೆ ಉತ್ತರ ಕನ್ನಡ ನೆಲದಲ್ಲಿಯೇ ಇತ್ತು; ಎರಡು ಶತಮಾನ ತಡವಾಗಿ.

ಆರು ಮಕ್ಕಳು ಬಾಲ್ಸಾ ಹಲಗೆ ತರಿಸಿ ಗ್ಲೈಡರ್ ಕಟ್ಟಿದರು. ಮದ್ದಿನ ಎಂಜಿನ್ ಬೇಡವೆಂದು ನಾನು ಖಂಡಿತವಾಗಿ ಹೇಳಿದೆ. ರಬ್ಬರಿನ ಕವಣೆಯೇ ನಮ್ಮ ರಾಕೆಟ್ ಆಯಿತು. ನಾರು ರೆಕ್ಕೆಯ ಉದ್ದಕ್ಕೆ ಬರುವಂತೆ ಕತ್ತರಿಸಿ, ಮುಂದಿನ ಅಂಚನ್ನು ದುಂಡಗೆ, ಹಿಂದಿನದನ್ನು ತೆಳ್ಳಗೆ ಉಜ್ಜಿ, ರೆಕ್ಕೆಯ ತುದಿಗಳನ್ನು ತುಸು ಎತ್ತಿ ಅಂಟಿಸಿದರು. ಮೂತಿಗೆ ಜೇಡಿಮಣ್ಣಿನ ಗುಳಿಗೆ. ಆದರೆ ವಿಮಾನನಿಲ್ದಾಣದ ಮಗ್ಗುಲಲ್ಲಿ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ, ಹಾರಿಸಲೂಬಾರದು. ಎರಡು ತಿಂಗಳು ಅದು ಕಪಾಟಿನಲ್ಲಿತ್ತು.

ಬೇಸಿಗೆ ರಜೆಯಲ್ಲಿ ಅವರನ್ನು ಈ ಶಾಲೆಯ ಮೈದಾನಕ್ಕೇ ಕರೆತಂದೆ. ಮೊದಲ ಎಸೆತದಲ್ಲಿ ಲಾಗ ಹಾಕಿ ಮೂತಿ ಮುರಿಯಿತು. ಅಂಟು ಒಣಗಲು ಮರುದಿನದವರೆಗೆ ಕಾದೆವು. ನೇರ ಮೇಲಕ್ಕೆ ಬಿಡದೆ ಓರೆಯಾಗಿ ಬಿಡಬೇಕೆಂಬುದನ್ನು ಕಂಡುಕೊಂಡದ್ದು ಅವರಲ್ಲಿ ಚಿಕ್ಕವಳು. ಹಾಗೆ ಬಿಟ್ಟಾಗ ಅದು ಸುತ್ತಿಕೊಂಡು ಏರಿ, ತುದಿಯಲ್ಲಿ ಕ್ಷಣಕಾಲ ನಿಂತಂತಾಗಿ, ಬಾಗಿ, ಬೇವಿನ ಮರದ ಮೇಲಿಂದ ತೇಲುತ್ತ ಹೊರಟಿತು. ನನ್ನ ಗಡಿಯಾರದಲ್ಲಿ ಹತ್ತೊಂಬತ್ತು ಸೆಕೆಂಡು. ಐದನೆಯ ತರಗತಿಯಲ್ಲಿ ನಾನು ಕುಳಿತಿದ್ದ ಕೋಣೆಯ ಹೆಂಚಿನ ಮೇಲೆ ಇಳಿಯಿತು. ಏಣಿ ತಂದು ತೆಗೆಯಬೇಕಾಯಿತು.

ಹೆಂಚಿನ ಮೇಲಿನದನ್ನು ಇಳಿದದ್ದೆಂದು ಎಣಿಸಬೇಕೋ ಬೇಡವೋ ಎಂಬ ವಾದ ರೈಲು ಲೋಂಡಾ ದಾಟುವವರೆಗೂ ನಡೆಯಿತು.