ಹಾನಗಲ್ಲ ಸೀಮೆಯ ಪತ್ರಗಳ ಒಕ್ಕಣೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳೆಯ ವತನದಾರರ ಮನೆಗಳಲ್ಲಿ ಅರಿವೆಯ ರುಮಾಲಿನಲ್ಲಿ ಕಟ್ಟಿಟ್ಟ ಕಾಗದಗಳನ್ನು ಬಿಚ್ಚಿ ಓದತೊಡಗಿದರೆ, ಹೊಲದ ತಗಾದೆಯಿರಲಿ, ಸಾಲದ ಲೆಕ್ಕವಿರಲಿ, ಮದುವೆಯ ಮಾತಿರಲಿ, ಆ ಸಂಗತಿಗೆ ಬರುವ ಮುನ್ನ ಎರಡು ಮೂರು ಸಾಲುಗಳ ಒಕ್ಕಣೆಯನ್ನು ದಾಟಬೇಕಾಗುತ್ತದೆ. ಇಂದಿನ ಓದುಗನು ಅದನ್ನು ಆಡಂಬರವೆಂದು ಬಗೆದು ಹಾರಿಸಿ ಮುಂದೆ ಹೋಗುವುದುಂಟು. ಆದರೆ ಬರೆದವನು ಯಾರು, ಯಾರ ಮುಂದೆ ನಿಂತಿದ್ದಾನೆ, ಎಷ್ಟು ಬಾಗಿ ಮಾತಾಡುತ್ತಿದ್ದಾನೆ ಎಂಬುದೆಲ್ಲವೂ ಆ ಸಾಲುಗಳಲ್ಲಿಯೇ ಅಡಗಿರುವುದರಿಂದ, ಈ ಸೀಮೆಯ ಚರಿತ್ರೆಯನ್ನು ಅರಿಯಬಯಸುವವನು ಅವುಗಳನ್ನು ನಿಧಾನವಾಗಿ ಓದುವುದು ಅವಶ್ಯವೆಂದು ನನ್ನ ನಂಬಿಕೆ.

ಕಾಗದಕ್ಕಿಂತ ಮೊದಲು ಕಲ್ಲು ಇಲ್ಲಿ ಈ ಕೆಲಸವನ್ನು ಮಾಡುತ್ತಿತ್ತು. ಪಾನುಂಗಲ್ಲು ಐನೂರನ್ನು ಆಳಿದ ಕದಂಬ ಮನೆತನದವರ ಕಾಲದ ಶಾಸನಗಳು ‘ಸ್ವಸ್ತಿ’ ಎಂದು ಪ್ರಾರಂಭವಾಗಿ, ಮೊದಲು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯ ಬಿರುದಾವಳಿಯನ್ನು ಹೇಳಿ, ಆತನ ರಾಜ್ಯವು ಸೂರ್ಯಚಂದ್ರರಿರುವವರೆಗೆ ಅಭಿವೃದ್ಧಿ ಹೊಂದಲೆಂದು ಹಾರೈಸಿ, ಅನಂತರವೇ ‘ತತ್ಪಾದಪದ್ಮೋಪಜೀವಿ’ ಎಂಬ ಮಾತಿನಿಂದ ಮಾಂಡಲಿಕನನ್ನು ಒಳಗೆ ಬಿಡುತ್ತವೆ. ಹೀಗೆ ತಲೆಬಾಗಿ ಬಂದ ಮಾಂಡಲಿಕನೇ ಮರುಗಳಿಗೆಯಲ್ಲಿ ‘ಸಮಧಿಗತಪಂಚಮಹಾಶಬ್ದ’, ‘ಮಹಾಮಂಡಲೇಶ್ವರ’, ‘ಬನವಾಸೀಪುರವರಾಧೀಶ್ವರ’ ಎಂದು ತಲೆಯೆತ್ತಿ ನಿಲ್ಲುವುದನ್ನು ಕಂಡಾಗ, ವಿನಯಕ್ಕೂ ಅಭಿಮಾನಕ್ಕೂ ಒಂದೇ ವಾಕ್ಯದಲ್ಲಿ ಎಡೆಮಾಡಿಕೊಡುವ ಆ ಲಿಪಿಕಾರರ ನೈಪುಣ್ಯಕ್ಕೆ ಬೆರಗಾಗದಿರುವುದು ಕಷ್ಟ. ಶೈವ ಶಾಸನಗಳು ಬಹುಮಟ್ಟಿಗೆ ಬಾಣಭಟ್ಟನ ಹರ್ಷಚರಿತದ ಶಂಭುಸ್ತುತಿಯಿಂದ ಆರಂಭವಾಗುತ್ತವೆ. ಕೊನೆಯಲ್ಲಿ ದತ್ತಿಯನ್ನು ಅಳಿಸಿದವರಿಗೆ ಶಾಪ, ಆಮೇಲೆ ‘ಮಂಗಳ ಮಹಾ ಶ್ರೀ’.

ಇಂದಿನ ಶಿಗ್ಗಾವಿ ತಾಲೂಕಿಗೆ ಸೇರಿದ ಬಂಕಾಪುರದಲ್ಲಿ ಇದಕ್ಕಿಂತಲೂ ಹಳೆಯದಾದ ಒಂದು ಮುಕ್ತಾಯವಿದೆ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಅವರ ಶಿಷ್ಯನಾದ ಲೋಕಸೇನನು ಸೇರಿಸಿದ ಪ್ರಶಸ್ತಿಯು ಗುರುಪರಂಪರೆಯನ್ನು ಹೇಳಿ, ರಾಷ್ಟ್ರಕೂಟ ಅಕಾಲವರ್ಷನನ್ನೂ ಬಂಕಾಪುರದಿಂದ ವನವಾಸ ದೇಶವನ್ನು ಆಳುತ್ತಿದ್ದ ಲೋಕಾದಿತ್ಯನನ್ನೂ ಹೆಸರಿಸಿ, ಶಕವರ್ಷ 820 ಎಂದು ಕಾಲವನ್ನು ಗುರುತಿಸುತ್ತದೆ. ಯಾರು, ಯಾರ ಅನುಗ್ರಹದಿಂದ, ಯಾವ ಊರಲ್ಲಿ, ಯಾವಾಗ ಎಂಬ ನಾಲ್ಕನ್ನೂ ತಿಳಿಸಿ ಲೇಖನಿಯನ್ನು ಕೆಳಗಿಡುವ ಈ ಪದ್ಧತಿಯು ಸಾವಿರ ವರ್ಷಗಳ ತರುವಾಯದ ಖರೀದಿಪತ್ರಗಳಲ್ಲಿಯೂ ಉಳಿದುಬಂದಿತು.

ಸವಣೂರಿನ ನವಾಬರ ದರ್ಬಾರಿನೊಡನೆ ಪಾರಸಿಯ ಪತ್ರಶಾಸ್ತ್ರವು ಈ ಸೀಮೆಗೆ ಬಂದಿತು. ಪತ್ರ ಪಡೆಯುವವನ ಅಂತಸ್ತಿಗೆ ತಕ್ಕ ಬಿರುದು ಮತ್ತು ವಂದನೆಗಳನ್ನು ಆಯ್ದು ಜೋಡಿಸುವ ‘ಅಲ್ಕಾಬ್-ಆದಾಬ್’ ಎಂಬ ಭಾಗವನ್ನು ಮುನಷಿಗಳು ಪ್ರತ್ಯೇಕ ವಿದ್ಯೆಯಾಗಿಯೇ ಅಭ್ಯಸಿಸುತ್ತಿದ್ದರು. ಅದೇ ಸವಣೂರಿನಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರು 1783ರಲ್ಲಿ ವೃಂದಾವನಸ್ಥರಾದರು. ಮಠಗಳಿಂದ ಶಿಷ್ಯರಿಗೆ ಹೊರಡುವ ಶ್ರೀಮುಖಗಳು ಪರಮಹಂಸ ಪರಿವ್ರಾಜಕಾಚಾರ್ಯತ್ವಾದಿ ಬಿರುದುಗಳಿಂದ ತೊಡಗಿ ‘ನಾರಾಯಣ ಸ್ಮರಣೆ’ಯಲ್ಲಿ ಮುಗಿಯುತ್ತವೆ. ಸನ್ಯಾಸಿಯು ಯಾರಿಗೂ ನಮಸ್ಕಾರ ಬರೆಯುವುದಿಲ್ಲವಾದುದರಿಂದ, ಬರೆದವರಿಗೂ ಓದುವವರಿಗೂ ಸಮಾನವಾದ ದೈವದ ಸ್ಮರಣೆಯೇ ಅಲ್ಲಿ ವಂದನೆಯ ಸ್ಥಾನವನ್ನು ತುಂಬುತ್ತದೆ.

ಮರಾಠರ ಆಳಿಕೆಯು ಬಿಟ್ಟುಹೋದ ಮುದ್ರೆಯು ಇವೆಲ್ಲಕ್ಕಿಂತ ಆಳವಾದುದು. ಮೋಡಿ ಲಿಪಿಯ ಮರಾಠಿಯು ಕಚೇರಿಯಲ್ಲಿ ನೆಲೆಯೂರಿದ ಆ ಕಾಲದಲ್ಲಿ ‘ರಾಜಮಾನ್ಯ ರಾಜಶ್ರೀ’ ಎಂಬುದು ‘ರಾ. ರಾ.’ ಆಗಿ ಕನ್ನಡ ಪತ್ರಗಳಿಗೂ ಇಳಿಯಿತು. ಪೇಶವೆ ಕಾಲದ ಪತ್ರಗಳ ಕೊನೆಯಲ್ಲಿ ಒತ್ತುತ್ತಿದ್ದ ‘ಮೋರ್ತಬ’ವೆಂಬ ಕಿರುಮುದ್ರೆಯನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಮೇಲ್ಗಡೆಯ ದೊಡ್ಡ ಮುದ್ರೆಯು ಅಧಿಕಾರವನ್ನು ಸಾರಿದರೆ, ಕೊನೆಯ ಅಕ್ಷರಕ್ಕೆ ಒತ್ತಿಕೊಂಡೇ ಬೀಳುತ್ತಿದ್ದ ಈ ಕಿರುಮುದ್ರೆಯು ಬರಹವು ಇಲ್ಲಿಗೆ ಮುಗಿಯಿತೆಂದು ಸಾರಿ, ಅದರ ಕೆಳಗೆ ಬೇರೆ ಯಾರೂ ಒಂದು ಸಾಲನ್ನು ಸೇರಿಸದಂತೆ ಕಾಯುತ್ತಿತ್ತು. ಪತ್ರದ ಮುಕ್ತಾಯವು ಕೇವಲ ಸೌಜನ್ಯದ ವಿಷಯವಲ್ಲದೆ ರಕ್ಷಣೆಯ ವಿಷಯವೂ ಆಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ವಿದ್ಯೆಯು ಹಳ್ಳಿಗಳಲ್ಲಿ ಕುಲಕರ್ಣಿಯ ಕೈಯಲ್ಲಿತ್ತು. ಓದುಬರಹವರಿಯದ ರೈತನು ಬಂದು ಕಟ್ಟೆಯ ಮೇಲೆ ಕುಳಿತು ವಿಷಯವನ್ನು ತನ್ನ ಮಾತಿನಲ್ಲಿ ಹೇಳುವನು. ಒಕ್ಕಣೆಯನ್ನು ಮಾತ್ರ ಕುಲಕರ್ಣಿಯೇ ಆಯಬೇಕು. ತಂದೆಗಾದರೆ ‘ತೀರ್ಥರೂಪ’, ಮಗನಿಗಾದರೆ ‘ಚಿರಂಜೀವಿ’, ಪುರೋಹಿತನಿಗೆ ‘ವೇದಮೂರ್ತಿ’, ಸಮಾನನಿಗೆ ‘ರಾ. ರಾ.’, ಹಿರಿಯರಿಗೆ ಶಿರಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ಮಂಗಲಕಾರ್ಯದ ಪತ್ರವಾದರೆ ಮೂಲೆಗಳಿಗೆ ಅರಿಷಿಣ ಕುಂಕುಮ. ಸಾವಿನ ಸುದ್ದಿಯಾದರೆ ನೆತ್ತಿಯಲ್ಲಿ ‘ಶ್ರೀ’ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ, ಓದಿದೊಡನೆ ಹರಿದುಹಾಕಬೇಕು. ವಿಷಯವನ್ನು ಓದುವ ಮೊದಲೇ ಕೈಗೆ ಬಂದ ಕಾಗದವು ಸುದ್ದಿಯನ್ನು ತಿಳಿಸಿಬಿಡುತ್ತಿತ್ತು. ಹೆಂಗಸರ ವಿಷಯದಲ್ಲಿ ಮಾತ್ರ ಈ ಶಾಸ್ತ್ರವು ನಿಷ್ಕರುಣವಾಗಿತ್ತೆಂದು ನೋವಿನಿಂದಲೇ ಹೇಳಬೇಕು: ಗಂಡನಿದ್ದವಳಿಗೆ ‘ಸೌ.’, ಗಂಡನನ್ನು ಕಳೆದುಕೊಂಡವಳಿಗೆ ಗಂಗಾಭಾಗೀರಥಿ ಎಂಬುದರ ಸಂಕ್ಷೇಪವಾದ ‘ಗಂ. ಭಾ.’. ಆಕೆಯ ಹೆಸರಿಗಿಂತ ಮುಂಚೆ ಆಕೆಯ ವೈಧವ್ಯವು ಲಕೋಟೆಯ ಮೇಲೆಯೇ ಊರೂರು ತಿರುಗುತ್ತಿತ್ತು.

1818ರ ತರುವಾಯ ಈ ಸೀಮೆ ಕುಂಪಣಿಯ ಕೈಗೆ ಹೋಗಿ ಧಾರವಾಡ ಜಿಲ್ಲೆಯ ಭಾಗವಾಯಿತು. ಶಿಗ್ಗಾವಿಯು ಬಂಕಾಪುರ ತಾಲೂಕಿನ, ಹಿರೇಕೆರೂರು ಕೋಡ ತಾಲೂಕಿನ ಮುಖ್ಯ ಠಾಣೆಗಳಾದುವು. ಸವಣೂರು ಮಾತ್ರ 1948ರವರೆಗೆ ನವಾಬರ ಚಿಕ್ಕ ಸಂಸ್ಥಾನವಾಗಿಯೇ ಉಳಿಯಿತು. ಕಚೇರಿಯ ಅರ್ಜಿಯು ‘ಮೇ. ಮಾಮಲೇದಾರ ಸಾಹೇಬರ ಹುಜೂರಿಗೆ’ ಎಂದು ಪಾರಸಿಯ ಮೇಹರಬಾನನಿಂದ ತೊಡಗಿ, ‘ತಮ್ಮ ಆಜ್ಞಾಧಾರಕ’ ಎಂದು ಇಂಗ್ಲಿಷರ ವಿಧೇಯ ಸೇವಕನ ಧಾಟಿಯಲ್ಲಿ ಮುಗಿಯಿತು. ಇದರಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೊಂದಿದೆ. ಹಳೆಯ ಒಕ್ಕಣೆಯು ಶ್ರೇಣಿಯನ್ನು ಒಪ್ಪಿಕೊಂಡಿದ್ದರೂ ಕಿರಿಯನಿಗೆ ಚಿರಂಜೀವಿಯೆಂಬ ಹಾರೈಕೆಯನ್ನಾದರೂ ಕೊಡುತ್ತಿತ್ತು. ಕಚೇರಿಯ ಒಕ್ಕಣೆಯಾದರೋ ಎಲ್ಲ ಅರ್ಜಿದಾರರನ್ನೂ ಸೇವಕರನ್ನಾಗಿಸಿ, ಪ್ರತಿಯಾಗಿ ಏನನ್ನೂ ಹಾರೈಸಲಿಲ್ಲ. ಹೆಬ್ಬೆಟ್ಟು ಒತ್ತಿದ ಎಷ್ಟೋ ಮಂದಿಗೆ ತಾವು ಹೀಗೆ ಸೇವಕರಾದುದು ತಿಳಿದಿರಲೂ ಇಲ್ಲ.

ಅಂಚೆಯು ಬೇರೊಂದು ಬಗೆಯ ಪರಿವರ್ತನೆಯನ್ನು ತಂದಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಾಗ, ಅಂಗೈಯಗಲದ ಆ ಕಾಗದದಲ್ಲಿ ಬಿರುದುಗಳಿಗೆ ಸ್ಥಳವೆಲ್ಲಿ? ಉಭಯ ಕುಶಲೋಪರಿಯು ‘ಉ|| ಕು||’ ಆಯಿತು, ಸಾಷ್ಟಾಂಗ ನಮಸ್ಕಾರವು ಬರಿಯ ನಮಸ್ಕಾರವಾಯಿತು. ಅಡತಿ ಅಂಗಡಿಯವರು ನೆತ್ತಿಯಲ್ಲಿ ‘ಶ್ರೀ ವೀರಭದ್ರ ಪ್ರಸನ್ನ’ ಎಂದಷ್ಟೇ ಬರೆದು ಧಾರಣೆಗೆ ಇಳಿದುಬಿಡುತ್ತಿದ್ದರು.

ಈ ಮೇಲುಕೀಳುಗಳ ನಡುವೆ ಒಂದು ವಂದನೆ ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಅದು ‘ಶರಣು ಶರಣಾರ್ಥಿ’. ಹೇಳುವವನೂ ಅದನ್ನೇ ಹೇಳುತ್ತಾನೆ, ಕೇಳಿದವನೂ ಅದನ್ನೇ ತಿರುಗಿ ಹೇಳುತ್ತಾನೆ. ಹಿರಿಯನಿಗೊಂದು ಕಿರಿಯನಿಗೊಂದು ಎಂಬ ಭೇದ ಅದರಲ್ಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ಮಾತಾದ ಇದು, ಏಕಾಂತದ ರಾಮಯ್ಯನ ಕಥೆಯನ್ನು ಶಾಸನದಲ್ಲಿ ಕಾಪಾಡಿಕೊಂಡ ಅಬ್ಬಲೂರಿನ ಈ ನೆಲದಲ್ಲಿ ಭಕ್ತರ ಪತ್ರಗಳ ಮೊದಲ ಸಾಲಾಗಿ ಉಳಿದುಬಂದುದು ಉಚಿತವೇ ಆಗಿದೆ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದ ಮೇಲೆ, ಸಂಸ್ಥೆ ಕಟ್ಟುವ ಕಾರ್ಯವು ಪತ್ರವ್ಯವಹಾರವಿಲ್ಲದೆ ಸಾಗದಾದುದರಿಂದ, ಮಠಗಳಿಗೂ ವ್ಯಾಪಾರಿಗಳಿಗೂ ಹಳ್ಳಿಯ ಗೌಡರಿಗೂ ನಡುವೆ ಕನ್ನಡ ಒಕ್ಕಣೆಯೇ ಸಾರ್ವಜನಿಕ ಕಾರ್ಯದ ಒಕ್ಕಣೆಯಾಯಿತು. ಈ ಸೀಮೆಯ ಕವಿಗಳಾದರೋ, ಬಾಡದ ಕನಕದಾಸರಿರಲಿ, ಶಿಶುನಾಳದ ಶರೀಫರಿರಲಿ, ಕೊನೆಯಲ್ಲಿ ತಮ್ಮ ಹೆಸರನ್ನು ಬಿಟ್ಟು ಆದಿಕೇಶವನ, ಶಿಶುನಾಳಧೀಶನ ಅಂಕಿತವನ್ನು ಹಾಕಿದವರು.

ಮುಂಬಯಿ ಸರಕಾರವು 1950ರ ಕಾಯದೆಯಿಂದ ಕುಲಕರ್ಣಿ ವತನವನ್ನು ರದ್ದುಪಡಿಸಿತು; ಸಂಬಳದ ತಲಾಠಿಗೆ ಒಕ್ಕಣೆಯ ಶಾಸ್ತ್ರ ಬೇಕಾಗಿರಲಿಲ್ಲ. 1963ರ ರಾಜಭಾಷಾ ಕಾಯದೆಯ ತರುವಾಯ ಕಚೇರಿಯ ಪತ್ರಗಳು ‘ಮಾನ್ಯರೇ’ ಎಂದು ತೊಡಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯತೊಡಗಿದವು. ರೈತನಿಗೂ ಸಾಹೇಬನಿಗೂ ಅದೇ ‘ಮಾನ್ಯರೇ’. ವಿಧವೆಗೂ ಮುತ್ತೈದೆಗೂ ಅದೇ ‘ಶ್ರೀಮತಿ’. ಹಳೆಯ ಶ್ರೀಮಂತಿಕೆಯೇನೋ ಹೋಯಿತು, ಆದರೆ ಹೋದುದಕ್ಕೆ ನಾನು ಮರುಗಲಾರೆ. ಹಳೆಯ ಶಾಸ್ತ್ರದಲ್ಲಿ ಇನ್ನೂ ಉಳಿದಿರುವುದನ್ನು ಬಲ್ಲವರು ಈಗ ಪೇಟೆಯ ಮುದ್ರಣಾಲಯದವರು. ಮದುವೆಯ ಆಮಂತ್ರಣವನ್ನು ಅಚ್ಚುಹಾಕಿಸಲು ಬಂದವರು ಸಾನ್ನಿಧ್ಯ ವಹಿಸುವ ವಿರಕ್ತಮಠದ ಸ್ವಾಮಿಗಳ ಹೆಸರಿಗೆ ‘ಷ. ಬ್ರ.’ ಎಂದು ಬರೆದುತಂದರೆ, ಅದು ಪಟ್ಟಾಧಿಕಾರಿ ಶಿವಾಚಾರ್ಯರಿಗೆ ಸಲ್ಲುವ ಬಿರುದು, ಇವರಿಗೆ ‘ಮ. ನಿ. ಪ್ರ.’ ಎಂದೇ ಆಗಬೇಕೆಂದು ಅವರು ತಿದ್ದಿ, ಆಮೇಲೆಯೇ ಕರಡನ್ನು ತೋರಿಸುತ್ತಾರೆ.