ಕುದುರೆಮರಿಯನ್ನು ಹಗ್ಗದ ನಡಿಗೆಗೆ ಪಳಗಿಸುವಿಕೆ

ಎಳೆಯ ಕುದುರೆಯು ಸವಾರಿಗೆ, ಹೊರೆಗೆ ಅಥವಾ ಗಾಡಿಗೆ ಒಗ್ಗುವ ಮೊದಲು, ಸಡಿಲವಾದ ಹಗ್ಗ ಹಿಡಿದ ಮನುಷ್ಯನ ಪಕ್ಕದಲ್ಲಿ ತಾನಾಗಿ ನಡೆಯುವಂತೆ ಕಲಿಸುವ ಮೊದಲ ಪಾಠವಿದು. ಹುಬ್ಬಳ್ಳಿ-ಧಾರವಾಡದ ರಸ್ತೆಗಳಲ್ಲಿ ಟಾಂಗಾಗಳ ಜಾಗವನ್ನು ಆಟೋರಿಕ್ಷಾಗಳು ಹಿಡಿದ ಮೇಲೆ ನಗರದಲ್ಲಿ ಈ ವಿದ್ಯೆ ಕ್ಷೀಣಿಸಿತಾದರೂ, ಉತ್ತರ ಕರ್ನಾಟಕದ ಬಯಲಿನಲ್ಲಿ ಡೆಕ್ಕನಿ ಕುರಿಹಿಂಡಿನೊಂದಿಗೆ ವಲಸೆ ಹೋಗುವ ಕುರುಬರು ಬಿಡಾರದ ಸಾಮಾನುಗಳನ್ನೂ ನಡೆಯಲಾರದ ಕುರಿಮರಿಗಳನ್ನೂ ತಟ್ಟುಗಳ, ಅಂದರೆ ಭುಜದೆತ್ತರ ಸುಮಾರು 148 ಸೆಂ.ಮೀ. ಮೀರದ ಗಿಡ್ಡ ಕುದುರೆಗಳ, ಬೆನ್ನ ಮೇಲೆ ಹೇರುವುದರಿಂದ ಅವರಿಗೆ ಇದು ಇಂದಿಗೂ ಬೇಕಾದ ವಿದ್ಯೆ.

ಮರಿ ಕಾಲೂರಿ ನಿಲ್ಲುವುದನ್ನು ಮೊಂಡುತನವೆನ್ನುವ ವಾಡಿಕೆಯಿದ್ದರೂ, ಭಯವೂ ಎಳೆತಕ್ಕೆ ಪ್ರತಿಯಾಗಿ ಜಗ್ಗುವ ಹುಟ್ಟುಗುಣವೂ ಅದಕ್ಕೆ ನಿಜವಾದ ಕಾರಣಗಳಾದ್ದರಿಂದ, ಎದುರಿಗೆ ನಿಂತು ಮುಖ ನೋಡುತ್ತ ಎಳೆದಷ್ಟೂ ಅದು ಹಿಂದಕ್ಕೆ ಸರಿಯುತ್ತದೆ. ಪಳಗಿಸುವವನು ಅದರ ಎಡಭುಜದ ಪಕ್ಕ ನಿಂತು, ಬಾಯಿಗೆ ಕಬ್ಬಿಣವಿಲ್ಲದ ತಲೆಹಗ್ಗದಿಂದ ಹಗುರವಾಗಿ, ಆದರೆ ಬಿಡದೆ ಒತ್ತಡ ಕೊಟ್ಟು, ಮರಿ ಒಂದೇ ಹೆಜ್ಜೆ ಇಟ್ಟರೂ ಆ ಕ್ಷಣವೇ ಹಗ್ಗ ಸಡಿಲಿಸುತ್ತಾನೆ. ಮರಿ ಕಲಿಯುವುದು ಈ ಬಿಡುಗಡೆಯಿಂದಲೇ ಆದ್ದರಿಂದ ಸಡಿಲಿಸಲು ತಡಮಾಡಿದರೆ ಪಾಠ ಕೆಡುತ್ತದೆ. ಒತ್ತಡ ಕೊಟ್ಟರೂ ಮರಿ ಕದಲದಿದ್ದರೆ ತಲೆಯನ್ನು ಪಕ್ಕಕ್ಕೆ ತಿರುಗಿಸಿದಾಗ ದೇಹದ ಭಾರ ವಾಲಿ ಮುಂಗಾಲು ಏಳುತ್ತದೆ. ತಾಯಿಯನ್ನೋ ಪಳಗಿದ ಕುದುರೆಯನ್ನೋ ಮುಂದೆ ನಡೆಸುವುದೂ, ಹಿಂತೊಡೆಗಳ ಹಿಂದಿನಿಂದ ಮೆತ್ತನೆಯ ಹಗ್ಗ ಬಳಸಿ ಮುಂದಕ್ಕೆ ಒತ್ತುವುದೂ ಉಂಟು. ಗೂಟಕ್ಕೆ ಬಿಗಿದು ಹೊಡೆಯುವ ಕ್ರಮ ಎಳೆಯ ಕುತ್ತಿಗೆಗೆ ಗಾಯ ಮಾಡುವುದರಿಂದ ಸರ್ವಥಾ ತಪ್ಪು. ಬೆದರಿ ಓಡುವ ಮರಿ ಬೆರಳು ಮುರಿಯಬಲ್ಲದಾದ್ದರಿಂದ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು.